ಎರಡು ಅಡಿ ಮೇಲೆ ಕೂತ ಬ್ರೇಸು

ಸೋಮವಾರ ಬೆಳಿಗ್ಗೆ ಆ ಕಂಬದ ಹತ್ತಿರ ಹೋಗುವವರೆಗೂ ನನಗೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಜಂಭವೇ ಇತ್ತು. ಅದನ್ನು ಈಗಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಯಲ್ಲಿ ಒಬ್ಬ ಸಾಹುಕಾರರು ಹೊಸ ರೈಸ್ ಮಿಲ್ಲು ಕಟ್ಟಿಸುತ್ತಿದ್ದರು. ಅದರ ಉಕ್ಕಿನ ಚೌಕಟ್ಟಿನ ನಕ್ಷೆ ನನ್ನದು. ನೆಲದಲ್ಲಿ ಭತ್ತ ಸುರಿಯುವ ಗುಂಡಿ, ಗುಂಡಿಗೆ ಕಬ್ಬಿಣದ ಜಾಲರಿ. ಅಲ್ಲಿಂದ ಎಲಿವೇಟರ್ ಎಂಬ ಬಕೆಟ್ಟಿನ ಪಟ್ಟಿ ಭತ್ತವನ್ನು ಮೇಲಕ್ಕೆ ಒಯ್ಯುತ್ತದೆ. ಹದಿನೈದು ಅಡಿ ಎತ್ತರದಲ್ಲಿ, ಗುಂಡಿಯ ನೆತ್ತಿಯ ಮೇಲೆ, ದೊಡ್ಡ ಬಿನ್ನು, ಅಂದರೆ ಭತ್ತ ತುಂಬಿಡುವ ತೊಟ್ಟಿ, ಕೂತಿರುತ್ತದೆ. ಎದುರುಬದುರಾಗಿ ಎರಡು ಚೌಕಟ್ಟುಗಳು ಆ ಬಿನ್ನನ್ನು ಹೊರುತ್ತವೆ. ಒಂದೊಂದು ಚೌಕಟ್ಟಿಗೆ ಎರಡು ಕಂಬ, ಮೇಲೆ ಇಪ್ಪತ್ತಾರು ಅಡಿಯ ತೊಲೆ. ತೊಲೆಯ ನಡುಮಧ್ಯದಿಂದ ಎರಡು ಓರೆ ಆನಿಕೆಗಳು ಇಳಿದು ಕಂಬಗಳ ಬುಡಕ್ಕೆ ಬಂದು ಸೇರುತ್ತವೆ. ಇವನ್ನೇ ನಾವು ಬ್ರೇಸು ಅನ್ನುವುದು. ದೂರದಿಂದ ನೋಡಿದರೆ ಗಂಡಸೊಬ್ಬ ಕಾಲಗಲಿಸಿ ನಿಂತಂತೆ ಕಾಣುತ್ತದೆ.

ಇಂಥ ಚೌಕಟ್ಟಿನಲ್ಲಿ ಕಣ್ಣುಮುಚ್ಚಿ ಪಾಲಿಸಬೇಕಾದ ನಿಯಮ ಒಂದಿದೆ. ಕಂಬದ ನಡುಗೆರೆ, ಬುಡದ ತಟ್ಟೆಯ ಗೆರೆ, ಬ್ರೇಸಿನ ಗೆರೆ ಮೂರೂ ಒಂದೇ ಚುಕ್ಕೆಯಲ್ಲಿ ಕೂಡಬೇಕು. ಕೂಡಿದರೆ ಬ್ರೇಸು ತಂದ ಒತ್ತಡ ನೇರವಾಗಿ ಅಡಿಪಾಯಕ್ಕೆ ಇಳಿಯುತ್ತದೆ, ಕಂಬಕ್ಕೆ ಅದರ ಗೊಡವೆ ಇರುವುದಿಲ್ಲ. ಕೂಡದೆ ಪಕ್ಕಕ್ಕೋ ಮೇಲಕ್ಕೋ ಸರಿದರೆ ಆ ಒತ್ತಡ ಕಂಬವನ್ನು ಬಾಗಿಸತೊಡಗುತ್ತದೆ. ಸರಿಸಲೇಬಾರದು ಅಂತಲ್ಲ. ಬಾಗಿಲು ಅಡ್ಡ ಬರುತ್ತದೆ, ಪೈಪು ಅಡ್ಡ ಬರುತ್ತದೆ, ಎಷ್ಟೋ ಸಲ ಸರಿಸಲೇಬೇಕಾಗುತ್ತದೆ. ಆದರೆ ಎಷ್ಟು ಸರಿಸಿದೆವು ಅನ್ನುವುದನ್ನು ಲೆಕ್ಕಕ್ಕೆ ತಂದು, ಆ ಬಾಗುವಿಕೆಯನ್ನು ಯಾರು ಹೊರಬೇಕೆಂದು ಮೊದಲೇ ಗೊತ್ತುಮಾಡಬೇಕು.

ಇದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೇನೆ. ಕಿರಿಯರಿಗೆ ಪಾಠವನ್ನೂ ಮಾಡಿದ್ದೇನೆ. ಆದರೂ ಏನಾಯಿತು ನೋಡಿ.

ಆ ಸೋಮವಾರಕ್ಕೆ ಮೂರು ವಾರ ಮೊದಲು ಸುರಪುರದ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸಿಗೆ ಕಾಯುತ್ತಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಬೆಳಗಿನಿಂದ ಬೇರೆ ಕೆಲಸವೊಂದರಲ್ಲಿ ಜಗಳವಾಡಿ ತಲೆ ಕೆಟ್ಟಿತ್ತು. ಆಗ ಚೌಕಟ್ಟು ಜೋಡಿಸುತ್ತಿದ್ದ ವೆಲ್ಡಿಂಗ್ ಮಿಸ್ತ್ರಿಯ ಫೋನ್ ಬಂತು.

"ಮೇಡಂ, ಇಲ್ಲೊಂದು ತಕರಾರ್ ಅದ. ಹಮಾಲರು ಒಲ್ಲೆ ಅನ್ನಾಕತ್ಯಾರ."

"ಏನು ಒಲ್ಲೆ?"

"ಬ್ರೇಸ್ ಬುಡಕ್ಕ ಕುಂದರ್ತದಲ್ರಿ, ಅದು ಅವರ ದಾರ್ಯಾಗ ಬರ್ತದ. ಬೆನ್ನ ಮ್ಯಾಲ ಚೀಲ ಇದ್ರ ಮುಂದ ಎರಡ ಹೆಜ್ಜಿ ಕಾಣ್ತದ ಅಷ್ಟ. ಆ ಪ್ಲೇಟಿಗೆ ಕಾಲು ಎಡವಿದ್ರ ಸೀದಾ ಗುಂಡಿಗೆ ಅಂತಾರ. ಜರಾ ಮ್ಯಾಲ ಎತ್ತಲೇನ್ರಿ?"

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗುಂಡಿಯ ಅಂಚಿಗೂ ಕಂಬಕ್ಕೂ ನಡುವೆ ಐದೂವರೆ ಅಡಿ ಜಾಗ. ಹಮಾಲರು ಓಡಾಡುವುದು ಅಷ್ಟರಲ್ಲೇ. ನಕ್ಷೆ ಬರೆಯುವಾಗ ನಾನು ಭತ್ತ ಬರುವುದನ್ನು ನೆನೆಸಿದ್ದೆ, ಭತ್ತ ಹೊತ್ತು ಬರುವವರನ್ನು ನೆನೆಸಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಫೋನು ಹಿಡಿದು ನಾನು ಹೇಳಿದ ಮಾತು ಇಷ್ಟು: "ಅವರಿಗೆ ತಾಗದಂಗ ಎತ್ತಿ ಕೂಡಿಸ್ರಿ."

ಎಷ್ಟು ಎತ್ತಬೇಕೆಂದು ನಾನು ಹೇಳಲಿಲ್ಲ, ಮಿಸ್ತ್ರಿಯೂ ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮ ಅಜ್ಜಿ ಹೇಳುತ್ತಿದ್ದುದು ನನ್ನಂಥವರಿಗೇ. ಸೀಟು ಸಿಕ್ಕಿತು ಅನ್ನುವ ಖುಷಿಯಲ್ಲಿ ಫೋನು ಇಟ್ಟೆ. ಮನೆ ಮುಟ್ಟುವಷ್ಟರಲ್ಲಿ ಆ ಮಾತು ಮರೆತೇ ಹೋಗಿತ್ತು.

ಸೋಮವಾರ ಹೋಗಿದ್ದು ಕೊನೆಯ ತಪಾಸಣೆಗೆ. ಚೌಕಟ್ಟು ಭಾರ ತಾಳುತ್ತದೆ ಎಂದು ನಾನು ಸಹಿ ಹಾಕಿದ ಪತ್ರ ಸಾಹುಕಾರರಿಗೆ ಬೇಕಾಗಿತ್ತು. ಶುಕ್ರವಾರ ಪೂಜೆ ಮಾಡಿ ಮಿಲ್ಲು ಶುರುಮಾಡುವುದೆಂದು ನಿಶ್ಚಯವಾಗಿತ್ತು. ಕಾಲುವೆ ನೀರಿನ ಭತ್ತ ಕೊಯ್ಲಿಗೆ ಬಂದು, ಟ್ರ್ಯಾಕ್ಟರುಗಳು ಆಗಲೇ ಗೇಟಿನ ಹೊರಗೆ ನಿಲ್ಲತೊಡಗಿದ್ದವು. ಎಲಿವೇಟರ್ ಮಾತ್ರ ಓಡಿಸಿ ದಿನವೂ ಅಷ್ಟಷ್ಟು ಭತ್ತವನ್ನು ಬಿನ್ನಿಗೆ ಏರಿಸುತ್ತಿದ್ದರು. ಪೂಜೆಯ ಹೊತ್ತಿಗೆ ಬಿನ್ನು ತುಂಬಿರಬೇಕು, ಖಾಲಿ ಬಿನ್ನಿಗೆ ಆರತಿ ಎತ್ತಬಾರದು ಎನ್ನುವುದು ಸಾಹುಕಾರರ ಹಟ. ನಾನು ಹೋದಾಗ ನಾಲ್ಕನೆಯ ಒಂದು ಭಾಗ ತುಂಬಿತ್ತು.

ಬ್ರೇಸುಗಳು ಕಂಬದ ಬುಡದಲ್ಲಿ ಇರಲಿಲ್ಲ. ನಾಲ್ಕೂ ಕಂಬಗಳಲ್ಲಿ ನೆಲದಿಂದ ಎರಡು ಅಡಿ ಮೇಲೆ ಚೊಕ್ಕವಾಗಿ ಬೆಸುಗೆಯಾಗಿ, ಬಣ್ಣ ಬಳಿದುಕೊಂಡು ಕೂತಿದ್ದವು.

ಮಿಸ್ತ್ರಿಗೆ ಹೆಮ್ಮೆ. "ಅಳತಿ ಬರೋಬ್ಬರಿ ತಗೊಂಡೀನ್ರಿ ಮೇಡಂ. ಇವ್ರ ಹಿರ್ಯಾನ್ನ ಚೀಲ ಹೊರಿಸಿ ನಿಲ್ಲಿಸಿದ್ವಿ. ಅವ ಅಡ್ಡಾಡಿದ, ನಾ ಸುಣ್ಣದ ಖಡುವಿಲೆ ಕಂಬಕ್ಕ ಗುರ್ತು ಹಾಕಿದೆ. ಎಲ್ಲಿ ತಾಗಂಗಿಲ್ಲ ಅಲ್ಲೇ ಬ್ರೇಸು. ಏಕದಂ ಮಜಬೂತ್, ಫಿಕರ್ ಮಾಡಬ್ಯಾಡ್ರಿ."

ಹಮಾಲರ ಹಿರಿಯ ಅಲ್ಲೇ ನಿಂತಿದ್ದ. ಐವತ್ತು ದಾಟಿದ ಆಳು, ಕುತ್ತಿಗೆಯ ಹಿಂದೆ ಚೀಲ ಕೂತು ಕೂತು ಚರ್ಮ ದಪ್ಪಗಾಗಿತ್ತು. ಸಗರದ ಕಡೆಯವನು. ನನ್ನನ್ನು ಮೊದಲ ದಿನದಿಂದಲೂ ಯವ್ವಾ ಅಂತಲೇ ಕರೆಯುತ್ತಿದ್ದ. "ಚಲೋ ಆತು ಯವ್ವಾ," ಅಂದ. "ಇಷ್ಟ ದಿನ ಯಾವ ಇಂಜಿನಿಯರೂ ನಮ್ಮ ಕಾಲು ನೋಡಿದ್ದಿಲ್ಲ."

ನಾನೂ ನೋಡಿರಲಿಲ್ಲ. ಆ ಹೊಗಳಿಕೆಯನ್ನು ಬಾಯಿಮುಚ್ಚಿಕೊಂಡು ಇಸಿದುಕೊಂಡೆ.

ಚೀಲದಲ್ಲಿ ಯಾವಾಗಲೂ ಒಂದು ನೈಲಾನ್ ದಾರ ಇಟ್ಟುಕೊಂಡಿರುತ್ತೇನೆ. ಅದರ ಒಂದು ತುದಿಯನ್ನು ಮಿಸ್ತ್ರಿ ಏಣಿ ಹತ್ತಿ ಕಂಬದ ಮೇಲ್ತುದಿಗೆ ಒತ್ತಿ ಹಿಡಿದ, ಇನ್ನೊಂದನ್ನು ಬುಡಕ್ಕೆ ನಾನು ಹಿಡಿದೆ. ಕಂಬ ನೆಟ್ಟಗಿದ್ದರೆ ದಾರ ಅದರ ಮೈಗೆ ಉದ್ದಕ್ಕೂ ತಾಗಿರಬೇಕು. ಬ್ರೇಸು ಕೂತ ಜಾಗದಲ್ಲಿ ಕಂಬ ಹೊರಕ್ಕೆ ಸರಿದಿತ್ತು. ದಾರಕ್ಕೂ ಕಂಬದ ಒಳಮೈಗೂ ನಡುವೆ ನನ್ನ ಕಿರುಬೆರಳು ಹೋಯಿತು.

ಹಿರಿಯ ನನ್ನ ಬೆರಳನ್ನೇ ನೋಡುತ್ತಿದ್ದ. "ಏನ್ ನೋಡ್ತೀ ಯವ್ವಾ?" ಅಂದ.

"ಏನಿಲ್ಲ, ಲೆಕ್ಕ ಮಾಡಿ ಹೇಳ್ತೇನಿ," ಅಂದೆ. ದಾರ ಸುತ್ತಿ ಚೀಲಕ್ಕೆ ಹಾಕಿಕೊಂಡು ಶಹಾಪುರದ ನನ್ನ ಆಫೀಸಿಗೆ ಬಂದೆ.

ಲೆಕ್ಕ ದೊಡ್ಡದೇನಲ್ಲ, ಒಂದೇ ಹಾಳೆಯಲ್ಲಿ ಮುಗಿಯಿತು. ಬಿನ್ನು ತುಂಬಿದರೆ ತೊಲೆಯೊಂದರ ನಡುವಿಗೆ ಹದಿನಾರು ಟನ್ ಬೀಳುತ್ತದೆ. ಎರಡು ಬ್ರೇಸು ಅದನ್ನು ಹಂಚಿಕೊಂಡು ಇಳಿಸುತ್ತವೆ. ಅವು ಸಮ ಓರೆಯಲ್ಲಿ ಇರುವುದರಿಂದ ಒಂದೊಂದು ಬ್ರೇಸೂ ತನ್ನ ಕಂಬವನ್ನು ಎಂಟು ಟನ್ ಬಲದಿಂದ ಹೊರಕ್ಕೆ ನೂಕುತ್ತದೆ. ಬುಡದಲ್ಲಿ ನೂಕಿದ್ದರೆ ಅಡಿಪಾಯ ನೋಡಿಕೊಳ್ಳುತ್ತಿತ್ತು. ಎರಡು ಅಡಿ ಮೇಲೆ ನೂಕಿದಾಗ ಕಂಬದಲ್ಲಿ ಹುಟ್ಟುವ ಬಾಗುಬಲ ಸುಮಾರು ಹದಿನಾಲ್ಕು ಟನ್-ಅಡಿ. ಕಂಬ ಹತ್ತು ಇಂಚಿನದು, ಇಂಗ್ಲಿಷಿನ ಐ ಅಕ್ಷರದ ಆಕಾರದ್ದು. ಅದಕ್ಕೆ ಒಂದು ದಿಕ್ಕಿನಲ್ಲಿ ಬಲ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ತೀರಾ ಕಡಿಮೆ, ಮರದ ಪಟ್ಟಿಯನ್ನು ಅಡ್ಡ ಹಿಡಿದು ಬಾಗಿಸಿದಂತೆ. ಬ್ರೇಸು ನೂಕುತ್ತಿದ್ದದ್ದು ಆ ಸೋತ ದಿಕ್ಕಿನಲ್ಲೇ. ಆ ದಿಕ್ಕಿನಲ್ಲಿ ಅದು ತಾಳುವುದು ಐದು ಟನ್-ಅಡಿಗಿಂತ ಕಡಿಮೆ.

ಹದಿನಾಲ್ಕು ಎಲ್ಲಿ, ಐದು ಎಲ್ಲಿ. ಕೂಡಿಸುವಾಗ ತಪ್ಪಾಗಿರಬಹುದೆಂದು ಎರಡು ಸಲ ಮಾಡಿದೆ. ಮಧ್ಯಾಹ್ನ ಮೂರು ಗಂಟೆಗೆ ನನಗೆ ಖಚಿತವಾಗಿ ಗೊತ್ತಾಗಿತ್ತು. ಈ ಹೊತ್ತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಗೊತ್ತಾದ ಕೂಡಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನಾಚಿಕೆ ಮತ್ತು ಭಯ ಎರಡೂ ಇದ್ದವು. ಈ ಮೂರು ತಾಲೂಕಿನಲ್ಲಿ ಉಕ್ಕಿನ ಕಟ್ಟಡಕ್ಕೆ ನಕ್ಷೆ ಮಾಡುವ ಹೆಂಗಸು ನಾನೊಬ್ಬಳೇ ಅಂತ ಜನ ಹೇಳುವಾಗ ಬೇಡ ಬೇಡ ಅನ್ನುತ್ತ ಒಳಗೊಳಗೇ ಹಿಗ್ಗಿದವಳು ನಾನು. ಈಗ "ಆಕಿ ಕಟ್ಟಿಸಿದ್ದು ಬಾಗ್ಯಾದಂತ" ಎಂಬ ಮಾತು ಹೋಟೆಲಿನಿಂದ ಹೋಟೆಲಿಗೆ ಹೋಗುವುದು ಕಿವಿಗೆ ಕೇಳಿದಂತಾಗುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಮಂಗಳವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತೆ. ತಪ್ಪು ತಿದ್ದುವ ದಾರಿ ಹುಡುಕುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹುಡುಕುತ್ತಿದ್ದದ್ದು ತಪ್ಪೇ ಆಗಿಲ್ಲ ಅನ್ನಿಸುವ ಉತ್ತರವನ್ನು. ಕಂಬದ ಬುಡ ಸ್ವಲ್ಪವೂ ತಿರುಗದಂತೆ ಬಿಗಿಯಾಗಿದೆ ಎಂದು ಕಂಪ್ಯೂಟರಿಗೆ ಹೇಳಿದೆ, ಅಂಕಿ ಇಳಿಯಿತು. ಪಕ್ಕದ ಗೋಡೆಯೂ ಕೊಂಚ ಹೊರುತ್ತದೆ ಎಂದೆ, ಮತ್ತೂ ಇಳಿಯಿತು. ಬಿನ್ನನ್ನು ಯಾವತ್ತೂ ಪೂರ್ತಿ ತುಂಬುವುದಿಲ್ಲ ಎಂದೆ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಕಂಬ ಹಸಿರು ಬಣ್ಣಕ್ಕೆ ತಿರುಗಿತು, ಅಂದರೆ ಪಾಸು. ಕಂಪ್ಯೂಟರು ಪಾಪದ್ದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುತ್ತದೆ. ಬುಡದಲ್ಲಿ ಇದ್ದದ್ದು ನಡುಗೆರೆಯಲ್ಲಿ ಎರಡೇ ಬೋಲ್ಟು, ಅದು ಬಾಗಿಲ ಕೀಲಿನಂತೆ ತಿರುಗುತ್ತದೆ. ಆ ಗೋಡೆ ಒಂದೇ ಇಟ್ಟಿಗೆ ದಪ್ಪದ್ದು. ಎರಡೂ ನನಗೆ ಗೊತ್ತಿತ್ತು, ಎರಡೂ ನನ್ನದೇ ನಕ್ಷೆ.

ಆ ಎರಡು ದಿನವೂ ಮಿಲ್ಲಿನಲ್ಲಿ ಹಮಾಲರು ಚೀಲ ಹೊತ್ತು ತಂದು ಗುಂಡಿಗೆ ಸುರಿಯುತ್ತಲೇ ಇದ್ದರು. ಬಿನ್ನು ತುಂಬುತ್ತಲೇ ಇತ್ತು.

ಬುಧವಾರ ಯಾದಗಿರಿಗೆ ಹೋಗಿ ನನಗೆ ಪಾಠ ಹೇಳಿದ ಗುರುಗಳನ್ನು ಕಂಡೆ. ನಿವೃತ್ತರಾಗಿ ಮನೆಯಲ್ಲೇ ಇರುತ್ತಾರೆ. ಹಸಿರು ಬಣ್ಣದ ಕಂಬದ ಹಾಳೆಯನ್ನು ಮುಂದಿಟ್ಟೆ. ಮೊದಲ ದಿನದ ಒಂದು ಹಾಳೆಯ ಲೆಕ್ಕವನ್ನು ಚೀಲದಲ್ಲೇ ಉಳಿಸಿಕೊಂಡೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಕಂಬ ಬಾಗ್ಯಾದೇನು?" ಅಂದರು.

"ಹೌದ್ರಿ ಸರ್."

"ಮತ್ತ ಈ ಹಾಳಿ ಯಾರಿಗೆ ತೋರಸಾಕ ತಂದಿ? ಕಂಬಕ್ಕೇನು?"

ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡೆ. ಅವರ ಮನೆಯವರು ಬಿಸಿ ರೊಟ್ಟಿ ಹಾಕಿದರು, ಉಣ್ಣಲಾಗಲಿಲ್ಲ. ಹೊರಡುವಾಗ ಗುರುಗಳು ಬಾಗಿಲವರೆಗೆ ಬಂದು, "ನಾಳೆ ಹೋಗು. ಮೊದಲ ಬಿನ್ನು ಖಾಲಿ ಮಾಡ್ಸು, ಆಮ್ಯಾಲ ಬಯ್ಸಿಕೋ," ಅಂದರು.

ನಾಳೆ ಅಂದದ್ದು ಅವರು. ಇವತ್ತೇ ಅನ್ನಬೇಕಾದವಳು ನಾನು. ಕಂಬಕ್ಕೆ ಎಷ್ಟು ದಿನದ ಆಯುಸ್ಸಿದೆ ಅಂತ ಅವರಿಗೆ ನಾನು ಹೇಳಿರಲಿಲ್ಲವಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮಿಲ್ಲಿನಲ್ಲಿದ್ದೆ. ತೋರಣಕ್ಕೆ ಮಾವಿನ ಎಲೆ ಬಂದಿತ್ತು. ಬಿನ್ನು ಮೂರನೆಯ ಒಂದು ಭಾಗ ದಾಟಿತ್ತು. ಉಳಿದಿದ್ದನ್ನು ಅವತ್ತೇ ತುಂಬಿಸಲು ಹೆಚ್ಚಿನ ಹಮಾಲರನ್ನು ಕರೆಸಿದ್ದರು. ಮತ್ತೆ ದಾರ ಹಿಡಿಸಿದೆ. ಸೋಮವಾರ ಕಿರುಬೆರಳು ಹೋಗಿದ್ದ ಸಂದಿನಲ್ಲಿ ಈಗ ಹೆಬ್ಬೆರಳು ಹೋಯಿತು.

ಸಾಹುಕಾರರನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಫೋನಿನಲ್ಲಿ ಒಪ್ಪಿಗೆ ಕೊಟ್ಟದ್ದು ನಾನು, ಅಳತೆ ಹೇಳದೆ ಇದ್ದದ್ದು ನಾನು, ಮಿಸ್ತ್ರಿಯದು ತಪ್ಪಿಲ್ಲ, ಬಿನ್ನು ತುಂಬಿದರೆ ಈ ಕಂಬ ನಿಲ್ಲುವುದಿಲ್ಲ.

ಅವರು ಮೊದಲು ನಕ್ಕರು. ನಗು ಹೋಗಿ ಮುಖ ಕೆಂಪಗಾಯಿತು. "ನಾಳಿಗೆ ಐನೂರು ಮಂದಿಗೆ ಊಟಕ್ಕ ಹೇಳೀನಿ. ಅರ್ಧ ಶಹಾಪುರ ಬರ್ತದ. ಈಗ ಬಂದು ಕಂಬ ನಿಲ್ಲಂಗಿಲ್ಲ ಅಂತೀರಲ್ರಿ? ಉಕ್ಕಿನ ಕಂಬ ಅದ, ಜ್ವಾಳದ ದಂಟಲ್ಲ."

"ಬೆರಳು ಹಾಕಿ ನೋಡ್ರಿ," ಅಂದೆ.

ಅವರು ಉಂಗುರ ತೊಟ್ಟ ಕೈಯ ಹೆಬ್ಬೆರಳನ್ನು ಸಂದಿನಲ್ಲಿ ಇಟ್ಟರು. ತೆಗೆದರು. ಮತ್ತೆ ಇಟ್ಟರು. ದನಿ ಇಳಿಯಿತು, ಆದರೆ ಮನಸ್ಸು ಇಳಿಯಲಿಲ್ಲ. "ನಾಳೆ ಒಂದ ದಿನ ನಡೀಲಿ. ಪೂಜಿ ಮುಗೀಲಿ, ಶನಿವಾರ ಬಿಚ್ಚೂಣು. ಇಲ್ಲಾಂದ್ರ ಬ್ಯಾರೆ ಇಂಜಿನಿಯರ್ ಕಡಿಂದ ಪತ್ರ ತರ್ತೀನಿ, ನೀವು ನಡೀರಿ."

ಅವರು ಕೆಟ್ಟವರಲ್ಲ. ಆ ಜಾಗದಲ್ಲಿ ನಾನಿದ್ದರೂ ಒಂದು ದಿನ ಕೇಳುತ್ತಿದ್ದೆ. ಎರಡು ದಿನ ನಾನೇ ಕೇಳದೆ ತೆಗೆದುಕೊಂಡಿದ್ದೆನಲ್ಲ.

ಅಲ್ಲೇ ಗುಂಡಿಯ ಅಂಚಿನ ಚೀಲದ ಮೇಲೆ ಹಾಳೆ ಇಟ್ಟು ಬರೆದೆ. ಈ ಚೌಕಟ್ಟಿನ ಮೇಲೆ ಇನ್ನು ಒಂದು ಚೀಲವನ್ನೂ ಏರಿಸಬಾರದು, ಇದ್ದುದನ್ನು ಇಳಿಸಬೇಕು, ಇಳಿಸುವವರೆಗೆ ಇದರ ಕೆಳಗೆ ಯಾರೂ ನಿಲ್ಲಬಾರದು. ಇದು ನನ್ನ ತಪ್ಪಿನಿಂದ ಆದದ್ದು. ದಿನ ಬರೆದು ಸಹಿ ಹಾಕಿ ಸಾಹುಕಾರರ ಕೈಗೆ ಕೊಟ್ಟೆ. ಅವರು ಮಡಚಿ ಜೇಬಿಗೆ ಹಾಕಿಕೊಂಡರು. ಜೇಬಿಗೆ ಹೋದ ಪತ್ರದಿಂದ ಯಾರ ತಲೆಯೂ ಉಳಿಯುವುದಿಲ್ಲ ಅನ್ನಿಸಿತು. ಹಾಗಾಗಿ ಅದರಲ್ಲಿದ್ದ ಮಾತನ್ನು ಹಮಾಲರಿಗೆ ಕೇಳುವಂತೆ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. ನಾಲ್ಕು ಮಂದಿಯ ಮುಂದೆ ನನ್ನ ತಪ್ಪು ಅಂತ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಹಿರಿಯನ ಬೆನ್ನ ಮೇಲೆ ಚೀಲವಿತ್ತು. ಆತ ಪೂರ್ತಿ ಕೇಳಿದ, ತಲೆ ಎತ್ತಿ ಬಿನ್ನು ನೋಡಿದ, ಚೀಲವನ್ನು ಅಲ್ಲೇ ಇಳಿಸಿ ಹೊರಗೆ ನಡೆದ. ಉಳಿದವರೂ ಒಬ್ಬೊಬ್ಬರಾಗಿ ಇಳಿಸಿ ಹಿಂದೆ ಹೋದರು. ಕೆಲಸ ನಿಂತದ್ದು ಹಾಗೆ. ನನ್ನ ಸಹಿಯಿಂದಲ್ಲ.

ಬಿನ್ನಿನ ಪಕ್ಕದ ಕೊಳವೆ ತೆರೆದು ಭತ್ತವನ್ನು ಹೊರಗಿನ ಅಂಗಳಕ್ಕೆ ಇಳಿಸಿದೆವು. ಸಂಜೆಯ ಹೊತ್ತಿಗೆ ಮೂರು ಕಂಬ ನೆಟ್ಟಗಾದವು. ನಾಲ್ಕನೆಯದರಲ್ಲಿ ಎರಡು ಸೂತು, ಅಂದರೆ ಕಾಲು ಇಂಚು ಬಾಗು, ಹಾಗೇ ಉಳಿಯಿತು. ಪೂಜೆ ಮುಂದೆ ಹೋಯಿತು. ಊಟಕ್ಕೆ ಹೇಳಿದವರಿಗೆಲ್ಲ ಸಾಹುಕಾರರು ತಾವೇ ಫೋನ್ ಮಾಡಿ ಬೇಡವೆಂದರು. ಪ್ರತಿ ಫೋನಿನಲ್ಲೂ ಕಾರಣ ಹೇಳಿದರು, ಕಾರಣದಲ್ಲಿ ನನ್ನ ಹೆಸರು ಇತ್ತು. ಅಲ್ಲೇ ಕೂತು ಕೇಳಿದೆ. ಮಾಡಿದ್ದುಣ್ಣೋ ಮಹರಾಯ.

ತಿದ್ದುವ ಕೆಲಸವೂ ಸಲೀಸಾಗಿ ಆಗಲಿಲ್ಲ. ಬ್ರೇಸನ್ನು ಮೊದಲಿನ ನಕ್ಷೆಯಂತೆ ಬುಡಕ್ಕೇ ಇಳಿಸೋಣ ಅಂದೆ. ಹಿರಿಯ ಒಪ್ಪಲಿಲ್ಲ. "ಯವ್ವಾ, ಬಿನ್ನು ಬಿದ್ದು ಸಾಯೂದು ತಪ್ಪಸ್ತೀ, ಎಡವಿ ಗುಂಡಿಗೆ ಬಿದ್ದು ಸಾಯೂದು ಯಾರು ತಪ್ಪಸಬೇಕು?" ಆತನ ಮಾತು ಸರಿಯೇ ಇತ್ತು. ಬ್ರೇಸು ಎರಡು ಅಡಿ ಮೇಲೆಯೇ ಇರಬೇಕು, ಆ ಎರಡು ಅಡಿಯ ಬಾಗುಬಲಕ್ಕೆ ನಾನು ಬೇರೆ ಆಳನ್ನು ಹುಡುಕಬೇಕು.

ಕಂಬದ ಎರಡೂ ತೆರೆದ ಬದಿಗೆ ಉಕ್ಕಿನ ಹಲಗೆ ಬೆಸೆದು ಅದನ್ನು ಪೆಟ್ಟಿಗೆಯಂತೆ ಮುಚ್ಚಿದರೆ ಸೋತ ದಿಕ್ಕಿಗೂ ಬಲ ಬರುತ್ತದೆ. ಕಾಗದದಲ್ಲಿ ಚೆಂದ ಬಂತು. ಹಲಗೆ ಹನ್ನೊಂದು ಅಡಿ ಎತ್ತರದವರೆಗೆ ಬೇಕಾಗಿತ್ತು. ಬಾಗು ಉಳಿದಿದ್ದ ಕಂಬಕ್ಕೆ ಮೊದಲು ಶುರುಮಾಡಿದೆವು. ಮಿಸ್ತ್ರಿ ಹುಷಾರಾಗಿಯೇ ಮಾಡಿದ, ಒಂದು ಗೇಣು ಬೆಸೆದು ಆರಲು ಬಿಡುತ್ತಿದ್ದ. ಆದರೂ ಒಂದು ಬದಿ ಅರ್ಧ ಮುಗಿಯುವಷ್ಟರಲ್ಲಿ ಬೆಸುಗೆಯ ಕಾವಿಗೆ ಕಂಬ ಇನ್ನೂ ಎರಡು ಸೂತು ಎಳೆದುಕೊಂಡಿತು. ಮಿಸ್ತ್ರಿ ಮುಖವಾಡ ತೆಗೆದು ನೆಲದ ಮೇಲೆ ಕೂತ.

"ಮೇಡಂ, ಇದು ಹಿಂಗ ಆದ್ರ ನಾಲ್ಕೂ ಖರಾಬ್ ಆಗ್ತಾವ. ನನ್ನ ಕೈಲೆ ಆಗಂಗಿಲ್ರಿ."

ಇಪ್ಪತ್ತು ವರ್ಷ ಬೆಸುಗೆ ಹಾಕಿದವನ ಬಾಯಿಂದ ಆ ಮಾತು ಕೇಳಿ ನನಗೆ ಅಳು ಬಂತು. ಗೇಟಿನಾಚೆ ಹೋಗಿ ಒಂದಿಷ್ಟು ಅತ್ತು ಬಂದೆ. ಯಾರೂ ನೋಡಲಿಲ್ಲ ಅಂದುಕೊಂಡೆ. ಬಂದಾಗ ಹಿರಿಯ ಒಂದು ಲೋಟ ನೀರು ಹಿಡಿದು ನಿಂತಿದ್ದ.

ನೀರು ಕುಡಿಯುವಾಗ ಆತ ತನಗೆ ತೋಚಿದ್ದನ್ನು ಹೇಳಿದ. "ನಮ್ಮ ಕಡಿ ಹಳೀ ವಾಡೇದ ಬಾಗಲಾಗ ಮೂಲಿಗೊಂದು ಕಲ್ಲು ಹುಗದಿರ್ತಾರ, ನೋಡೀಯೇನು? ಬಂಡಿ ಗಾಲಿ ಬಡಿದ್ರ ಕಲ್ಲಿಗೆ ಬಡೀಲಿ, ಗ್ವಾಡಿಗೆ ಬ್ಯಾಡ ಅಂತ. ಹಂಗ ಇದಕ್ಕೊಂದು ಕಲ್ಲು ಯಾಕ ಹುಗೀಬಾರ್ದು?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬ್ರೇಸು ಕಂಬದ ಮೇಲೆ ಕೂರುವುದೇ ಬೇಡ. ಕಂಬದ ಬುಡವನ್ನು ಸುತ್ತುವರಿದು ಅಡಿಪಾಯದಿಂದ ಎರಡು ಅಡಿಯವರೆಗೆ ದಪ್ಪ ಕಾಂಕ್ರೀಟ್ ದಿಂಡು ಎಬ್ಬಿಸಿ, ಬ್ರೇಸನ್ನು ಅದರ ತಲೆಯ ಮೇಲೆ ಕೂರಿಸಿದರೆ ನೂಕು ದಿಂಡಿಗೆ ಹೋಗುತ್ತದೆ, ಕಂಬ ಪಾರಾಗುತ್ತದೆ. ಒಳಗಿನ ಸರಳುಗಳು ಅಡಿಪಾಯದ ಕಾಂಕ್ರೀಟಿನವರೆಗೆ ಇಳಿದು ಕಚ್ಚಿಕೊಂಡಿರಬೇಕು.

ಲೆಕ್ಕ ಮಾಡಿದಾಗ ಇನ್ನೊಂದು ತೊಡಕು ಬಂತು. ದಿಂಡು ಗಟ್ಟಿ, ಆದರೆ ಕೆಳಗಿನ ನೆಲ ಎರೆಮಣ್ಣು. ಬಿನ್ನು ತುಂಬಿದಾಗ ದಿಂಡು ಅಡಿಪಾಯವನ್ನೇ ಹೊರಕ್ಕೆ ಮಗುಚಲು ನೋಡುತ್ತದೆ. ಒಂದೇ ಚೌಕಟ್ಟಿನ ಎರಡು ದಿಂಡುಗಳನ್ನು ನೆಲಮಟ್ಟದಲ್ಲಿ ಒಂದಕ್ಕೊಂದು ಕಟ್ಟಬೇಕು, ಆದರೆ ನಡುವೆ ಗುಂಡಿ ಇದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗುಂಡಿಯ ಗೋಡೆ ಕೊರೆದು, ಜಾಲರಿಯ ಕೆಳಗೆ ಜೋಡಿ ಉಕ್ಕಿನ ಚಾನೆಲ್ ತೊಲೆಗಳನ್ನು ಹಾಯಿಸಿದೆವು. ಭತ್ತ ಅವುಗಳ ಅಕ್ಕಪಕ್ಕ ಜಾರಿ ಇಳಿಯುತ್ತದೆ, ಕಾಲಿಗೆ ಸಿಗುವುದಿಲ್ಲ.

ದಿಂಡಿನ ಕಾಂಕ್ರೀಟಿಗೆ ಅಚ್ಚಿನ ಹಲಗೆ ಕಟ್ಟುವ ಮೊದಲು ಹಿರಿಯನಿಗೆ ಮತ್ತೆ ಚೀಲ ಹೊರಿಸಿದೆವು. ಈ ಸಲ ಟೇಪು ಹಿಡಿದದ್ದು ನಾನು. ಆತ ಬಾಗಿ ನಡೆದ, ತಿರುಗಿದ, ಜಾಲರಿಗೆ ಸುರಿದು ವಾಪಸು ಬಂದ. ಭುಜ ಎಲ್ಲಿ ಬರುತ್ತದೆ, ಚೀಲದ ಮೂಲೆ ಎಲ್ಲಿ ಬರುತ್ತದೆ, ಕಾಲು ಎಲ್ಲಿ ಬೀಳುತ್ತದೆ, ಒಂದೊಂದನ್ನೂ ಇಂಚಿನಲ್ಲಿ ಬರೆದು ನಕ್ಷೆಯಲ್ಲಿ ಇಳಿಸಿದೆ. ದಿಂಡಿನ ಮೂಲೆಗಳನ್ನು ಗುಂಡಗೆ ಮಾಡಿಸಿದ್ದು ಅವತ್ತಿನ ಅಳತೆಯಿಂದಲೇ.

ಕಾಂಕ್ರೀಟು ಬಲಿಯಲು ಬಿಟ್ಟು, ಬ್ರೇಸುಗಳನ್ನು ಬಿಚ್ಚಿ ಹೊಸ ತಟ್ಟೆಗಳ ಮೇಲೆ ಕೂರಿಸಿ, ಬಿನ್ನಿಗೆ ಕಾಲು ಕಾಲು ಭಾಗವಾಗಿ ಭತ್ತ ಏರಿಸಿದೆವು. ಪ್ರತಿ ಕಾಲುಭಾಗಕ್ಕೂ ದಾರ ಹಿಡಿದೆ. ಪೂರ್ತಿ ತುಂಬಿದ ಮೇಲೂ ಕಂಬಗಳು ಇದ್ದಲ್ಲೇ ಇದ್ದವು. ಬಾಗಿದ್ದ ಕಂಬದಲ್ಲಿ ಹಳೆಯ ನಾಲ್ಕು ಸೂತು ಮಾತ್ರ ಇತ್ತು. ಅಷ್ಟನ್ನು ಸೇರಿಸಿ ಲೆಕ್ಕ ಮಾಡಿಯೇ ಸಹಿ ಹಾಕಿದೆ.

ಪೂಜೆಯ ದಿನ ಐನೂರು ಮಂದಿ ಬರಲಿಲ್ಲ, ಮನೆಯವರು ಮತ್ತು ಕೆಲಸದವರು ಅಷ್ಟೇ. ಸಾಹುಕಾರರು ಪತ್ರ ತೆಗೆದುಕೊಂಡು, "ಮುಂದಿನ ಗೋದಾಮು ಬ್ಯಾರೆಯವರಿಗೆ ಹೇಳೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಅಂದರು. ಬೇಸರ ಆಯಿತು. ಆಗಿಲ್ಲ ಅಂದೆ.

ಮಿಲ್ಲು ಗಡಗಡ ಅನ್ನುತ್ತ ಓಡತೊಡಗಿತು. ಹಮಾಲರು ಊಟ ಮುಗಿಸಿ ಅಲ್ಲಲ್ಲಿ ಕೂತಿದ್ದರು. ಹಿರಿಯ ಹೊಸ ದಿಂಡಿನ ಮೇಲೆ ಕೂತು ರುಮಾಲು ಕಟ್ಟಿಕೊಳ್ಳುತ್ತಿದ್ದ. ಕೂರಲು ಅದು ಹದವಾಗಿತ್ತು. ನಾನೂ ಹತ್ತಿರ ಹೋಗಿ ನಿಂತೆ. ಇಷ್ಟು ದಿನದಲ್ಲಿ ಮೊದಲ ಸಲ ಮನಸ್ಸು ಹಗುರವಾಗಿತ್ತು.

"ಯವ್ವಾ, ಒಂದ ಮಾತು ಕೇಳ್ತೇನಿ," ಅಂದ. "ಮೊದಲನೇ ಸಲ ದಾರ ಹಿಡದಿದ್ದೆಲ್ಲ, ಅವತ್ತ ಬೆರಳು ಹಾಕಿದಿ. ಅವತ್ತೇ ಗೊತ್ತಾಗಿತ್ತೇನು?"

ಇಲ್ಲ, ಲೆಕ್ಕ ಮಾಡಬೇಕಿತ್ತು ಅನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. "ಅವತ್ತ ಮಧ್ಯಾಹ್ನ ಗೊತ್ತಾತು," ಅಂದೆ. "ಮೂರು ಗಂಟೆಕ್ಕ."

"ಸೋಮವಾರ."

"ಹೌದು."

ಆತ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸಿದ. ಮಂಗಳವಾರ. ಬುಧವಾರ. ಎರಡಕ್ಕೆ ನಿಲ್ಲಿಸಿ ಕೈ ತೊಡೆಯ ಮೇಲೆ ಇಟ್ಟುಕೊಂಡ.

"ಮಂಗಳವಾರ ನಮ್ಮಾಕಿ ಬುತ್ತಿ ತಂದಿದ್ಳು," ಅಂದ. "ಹೊರಗ ಬಿಸಿಲಿತ್ತು. ನೆಳ್ಳಿಗಂತ ನಾನೇ ಒಳಗ ಕರದು ಕುಂದ್ರಿಸಿದೆ. ಈ ಕಂಬಕ್ಕ ಬೆನ್ನ ಹಚ್ಚಿ ಇಬ್ರೂ ಉಂಡ್ವಿ."

ಕ್ಷಮೆ ಕೇಳಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಆತ ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ. ರುಮಾಲಿನ ತುದಿ ಸಿಗಿಸಿಕೊಂಡು ಎದ್ದ.

"ಬರ್ತೇನ್ರಿ ಮೇಡಂ," ಅಂದು ಟ್ರ್ಯಾಕ್ಟರಿನ ಕಡೆ ಹೋದ.

ಆಮೇಲೆ ಆ ಮಿಲ್ಲಿಗೆ ನಾಲ್ಕೈದು ಸಲ ಹೋಗಿದ್ದೇನೆ, ಯಾರೂ ಕರೆಯದೆ. ಪ್ರತಿ ಸಲವೂ ದಾರ ಹಿಡಿದು ನೋಡುತ್ತೇನೆ. ಅದೇ ನಾಲ್ಕು ಸೂತು, ಬೆಳೆದಿಲ್ಲ. ದಾರದ ಇನ್ನೊಂದು ತುದಿಯನ್ನು ಈಗ ಆತನೇ ಏಣಿ ಹತ್ತಿ ಹಿಡಿಯುತ್ತಾನೆ. ಇಳಿದು ಬಂದು ಚಹಾ ತರಿಸುತ್ತಾನೆ, ಕೂಡಲು ಖಾಲಿ ಚೀಲ ಹಾಸಿ ಕೊಡುತ್ತಾನೆ, ಮೇಡಂರಿ ಅನ್ನುತ್ತಾನೆ.